ಗೇಟಿನ ಹೊರಗಿನ ಹೊಗೆ

ಲಾರಿಯವರು ನನಗೆ ಇಟ್ಟಿರುವ ಹೆಸರು ಸೈರನ್. ಇಟ್ಟುಕೊಳ್ಳಲಿ. ಬಂದರಿನ ಸರಕು ಯಾರ್ಡಿಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಮುಂದಿನ ಕೋಣೆಯ ಕಿಟಕಿಗೆ ಒತ್ತಿಕೊಂಡೇ ಲಾರಿಗಳ ಸಾಲು. ಆ ಕೋಣೆಯಲ್ಲಿ ನನ್ನ ಅತ್ತೆ ಉಬ್ಬಸದಿಂದ ಒದ್ದಾಡುತ್ತಾರೆ. ಎಂಜಿನ್ ಆರಿಸದ ಲಾರಿಗಳ ಬಾಗಿಲು ಬಡಿದು ಕಿರುಚುವುದು ನನ್ನ ದಿನಚರಿ. ಸೊಸೆಯ ಬಾಯಿ ಬೀದಿಗೆಲ್ಲ ಕೇಳುತ್ತದೆಂದು ಮೊದಲು ಅತ್ತೆ ಬೈಯುತ್ತಿದ್ದರು. ಈಗ ಬೈಯುವುದಕ್ಕೂ ಅವರಲ್ಲಿ ಉಸಿರಿಲ್ಲ.

ಹಿಂದೆ ಹೀಗಿರಲಿಲ್ಲ. ಲಾರಿಗಳು ಯಾರ್ಡಿನ ಒಳಗೇ ಕಾಯುತ್ತಿದ್ದವು. ಮೀನು ತುಂಬಿದ ಕೂಲಿಂಗ್ ಲಾರಿಗಳಿಗೆ ಅಲ್ಲಿ ಕರೆಂಟಿನ ಪ್ಲಗ್ ಇದೆ. ಅದಕ್ಕೆ ಸಿಕ್ಕಿಸಿ, ಎಂಜಿನ್ ಆರಿಸಿ, ಡ್ರೈವರುಗಳು ಕಾಲು ಚಾಚಿ ಮಲಗುತ್ತಿದ್ದರು. ಆಮೇಲೆ ಶುರುವಾಯಿತು ದೇಶದೇಶಗಳ ಪೈಪೋಟಿ: ಸರಕು ಯಾರಲ್ಲಿ ಬೇಗ ಸಾಗುತ್ತದೆ, ಹೊಗೆ ಯಾರಲ್ಲಿ ಕಡಿಮೆ ಎಂದು. ನಮ್ಮವರಿಗೆ ಆ ಪಟ್ಟಿಯಲ್ಲಿ ಮೇಲಕ್ಕೇರುವ ಆತುರ. ಲಾರಿ ಗೇಟು ದಾಟಿದ ಮೇಲೆ ಮಾತ್ರ ಸಮಯದ ಲೆಕ್ಕ ಶುರು. ಹಾಗಾಗಿ ಕ್ರೇನ್ ಬಿಡುವಾಗುವವರೆಗೆ ಗೇಟನ್ನೇ ತೆರೆಯುವುದಿಲ್ಲ. ಒಳಗೆ ಹೋದ ಲಾರಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೊರಗೆ! ಕಾಯುವುದೆಲ್ಲ ಪ್ಲಗ್ ಇಲ್ಲದ ನಮ್ಮ ಬೀದಿಯಲ್ಲಿ, ಎಂಜಿನ್ ಓಡಿಸುತ್ತಲೇ; ಅದನ್ನು ಕೇಳುವವರಿಲ್ಲ. ಇದನ್ನೆಲ್ಲ ನನಗೆ ಬಿಡಿಸಿ ಹೇಳಿದ್ದು ನನ್ನ ಗಂಡ. ಅವರೂ ಕೂಲಿಂಗ್ ಲಾರಿಯವರೇ, ಆದರೆ ಓಡಿಸುವುದು ಇನ್ನೊಂದು ಬಂದರಿಗೆ.

ಯಾರ್ಡಿನ ಸಾಹೇಬರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ, ಕುರ್ಚಿ ಹಾಕಿಸಿದರು. ಅದಕ್ಕೇ ಇನ್ನಷ್ಟು ಮೈ ಉರಿಯಿತು.

“ನೋಡಿಮ್ಮಾ,” ಎಂದು ಖಾಲಿ ಅಂಗಳದ ನಡುವಿನ ಕಂಬಕ್ಕೆ ಬೆರಳು ತೋರಿಸಿದರು. “ಅದು ಹೊಗೆ ಅಳೆಯೋ ಮೀಟರು. ಎಷ್ಟು ಇಳಿದಿದೆ ಗೊತ್ತಾ? ಕೆಲಸ ಚುರುಕಾದ್ರೆ ಹೊಗೆ ತಾನಾಗೇ ಕಮ್ಮಿ ಆಗುತ್ತೆ.”

“ಅದನ್ನ ಬಿಚ್ಚಿ ತಂದು ನಮ್ಮ ಕಿಟಕಿಗೆ ಕಟ್ಟಿ ಸಾರ್.”

“ರಸ್ತೆ ನಮಗೆ ಸೇರಲ್ಲಮ್ಮಾ.”

ನಾನು ಯಾರಿಗೆ ಸೇರಿದವಳು ಎಂದು ಕೇಳಬೇಕೆನಿಸಿತು. ಕೇಳಿ ಏನು ಪ್ರಯೋಜನ?

ಮೊನ್ನೆ ಮಧ್ಯಾಹ್ನ ಅತ್ತೆಯ ಎದೆ ಸೀಟಿ ಹಾಕತೊಡಗಿತು. ಔಷಧಿಯ ಪಂಪು ಹಿಡಿದರೂ ನಿಲ್ಲಲಿಲ್ಲ. ಕಿಟಕಿ ಮುಚ್ಚಿದರೆ ಕೋಣೆ ಕಾದ ಹಂಚು, ತೆರೆದರೆ ಹೊಗೆ. ಕೈಯಲ್ಲಿದ್ದ ಸೌಟಿನ ಸಮೇತ ಹೊರಗೋಡಿ ಎದುರಿಗೆ ಗುರ್ರೆನ್ನುತ್ತಿದ್ದ ಲಾರಿಯ ಬಾಗಿಲಿಗೆ ಬಾರಿಸಿದೆ.

“ಆರಿಸಯ್ಯಾ! ನಿನ್ನ ಹೆತ್ತಮ್ಮ ಆಗಿದ್ರೆ ಹೀಗೇ ಹೊಗೆ ಹಾಕ್ತಿದ್ದೆಯಾ?”

ಬಾಗಿಲು ತೆರೆಯಿತು. ಮೇಲಿಂದ ನೋಡುತ್ತಿದ್ದವರು ನನ್ನ ಗಂಡ.

“ಮಾಲೀಕ ಇವತ್ತು ಇಲ್ಲಿಗೇ ಅಟ್ಟಿದ ಕಣೇ. ಬೆಳಗ್ಗೆಯಿಂದ ತೆವಳ್ಕೊಂಡು ಬಂದು ಸರಿಯಾಗಿ ಇಲ್ಲೇ ನಿಂತ್ಕೊಂಡೆ.”

“ಅಮ್ಮಂಗೆ ಉಸಿರು ಕಟ್ತಿದೆ ರೀ. ಆರಿಸಿ!”

“ಆರಿಸಿದ್ರೆ ಮೀನೆಲ್ಲ ಕೊಳೆತು ಹೋಗುತ್ತೆ. ಸಾಲು ಬಿಟ್ರೆ ಮತ್ತೆ ಕೊನೆಗೆ ಹೋಗ್ಬೇಕು, ಹಡಗು ತಪ್ಪುತ್ತೆ. ಕೆಲಸಾನೂ ಹೋಗುತ್ತೆ.”

ಒಳಗಿಂದ ಕೆಮ್ಮು ಕೇಳಿಸಿತು. ಆಮೇಲೆ ಅತ್ತೆಯ ಸಣ್ಣ ದನಿ: “ಮಗ ಬಂದಿದ್ದಾನಾ?”

ಅವರು ಸ್ಟಿಯರಿಂಗಿಗೆ ಹಣೆ ಒತ್ತಿ ಕುಳಿತರು. ನಾನು ಬೇಡಬೇಕೋ ಬೈಯಬೇಕೋ ತಿಳಿಯದೆ ಸೌಟು ಹಿಡಿದು ನಿಂತೆ. ಕೊನೆಗೆ ಅವರು ಚಕ್ರ ತಿರುಗಿಸಿ, ಸಾಲಿನಿಂದ ಲಾರಿಯನ್ನು ಹೊರಗೆಳೆದು ಹೊರಟುಹೋದರು. ಕಿಟಕಿಯ ಮುಂದೆ ಬಿಸಿಲು ಬಿತ್ತು. ನಾನು ಒಮ್ಮೆ ಎದೆ ತುಂಬ ಉಸಿರೆಳೆದುಕೊಂಡೆ.

ಅಷ್ಟರಲ್ಲಿ ಹಿಂದಿನ ಲಾರಿ ಮುಂದಕ್ಕೆ ಬಂದು ಅದೇ ಜಾಗದಲ್ಲಿ ನಿಂತು ಗುರ್ರೆಂದಿತು. ಅದರ ಡ್ರೈವರ್ ತಲೆ ಹೊರಹಾಕಿ ಹಲ್ಲು ಕಿರಿದ. “ಯಾರೋ ಪುಣ್ಯಾತ್ಮ ಅಕ್ಕಾ, ಜಾಗ ಬಿಟ್ಕೊಟ್ಟ.”

ಸೌಟು ಎತ್ತಿದೆ. ಬಡಿಯಲು ಕೈ ಬರಲಿಲ್ಲ.

ಒಳಗೆ ಹೋದೆ. ಅತ್ತೆ ಗೋಡೆಗೊರಗಿ, ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು.

“ಪಾಪ, ಅವನ ಮೇಲೆ ಕೂಗಾಡ್ಬೇಡ,” ಎಂದರು, ಒಂದೊಂದು ಮಾತಿಗೂ ನಿಂತು ನಿಂತು. “ಎಂಜಿನ್ ಆರಿಸೋದು ಬೇಡ ಅನ್ನು. ಮೀನು ಕೆಡುತ್ತೆ. ನಾನು ತಡ್ಕೋತೀನಿ. ಇಲ್ಲೇ ಇದ್ದಾನಲ್ವಾ?”

“ಹೂಂ ಅತ್ತೆ, ಇಲ್ಲೇ ಇದ್ದಾರೆ,” ಎಂದೆ.