ಚುಕ್ಕೆಯ ಆಚೀಚೆ

ಅವಳಿ ಮಕ್ಕಳಲ್ಲಿ ಚೂಟಿಗೆ ಐನೂರ ಹದಿನೆಂಟು, ಮೆಲ್ಲಿಗೆ ಐನೂರ ಹನ್ನೆರಡು. ರಾಜ್ಯದ ಎಲ್ಲ ಶಾಲೆಗಳಿಗೂ ಒಟ್ಟಿಗೆ ನಡೆದ ಗಣಿತ ಪರೀಕ್ಷೆಯ ಫಲಿತಾಂಶದ ಹಾಳೆಗಳನ್ನು ಊಟದ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಮಕ್ಕಳ ತಾಯಿ ನೋಡಿದ್ದೇ ನೋಡಿದ್ದು. ಮೇಲಿನ ಮಹಡಿಯಿಂದ ಇಳಿದು ಬಂದ ಅವಳ ಅಕ್ಕ ಒಂದೇ ಏಟಿಗೆ ತೀರ್ಪು ಕೊಟ್ಟಳು.

"ಇದಕ್ಕೆ ತಲೆ ಕೆರ್ಕೊಳ್ಳೋದೇನಿದೆ? ಗಣಿತದ ಮೇಲಿನ ತರಗತಿಗೆ ಚೂಟೀನ ಹಾಕು. ಒಬ್ಬಳಾದ್ರೂ ಮುಂದೆ ಬರ್ಲಿ."

"ಮತ್ತೆ ಮೆಲ್ಲಿ?"

"ಅವಳು ನಿನ್ನ ಥರ ಕಣೇ. ಒಳ್ಳೇ ಹುಡುಗಿ."

ಈ ಮಾತು ತಂಗಿಗೆ ಹೊಸದಲ್ಲ. ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಅಕ್ಕನಿಗಿಂತ ನಾಲ್ಕು ಅಂಕ ಕಡಿಮೆ ಬಂದಂದಿನಿಂದ ಮನೆಯವರ ಬಾಯಲ್ಲಿ ಅಕ್ಕ ಜಾಣೆ, ತಂಗಿ ಒಳ್ಳೆಯವಳು. ಬೈಗುಳವಾಗಿದ್ದರೆ ಜಗಳವಾಡಬಹುದಿತ್ತು. ಹೊಗಳಿ ಮೂಲೆಯಲ್ಲಿ ಕೂರಿಸಿದರೆ ಏನು ಮಾಡುವುದು? ಆದರೂ ಆ ಸಂಜೆ ಅವಳೇ ಮೆಲ್ಲಿಯ ಕೆನ್ನೆ ಸವರಿ, "ನೀನು ಮುಂದಿನ ವರ್ಷ ಹೋಗುವೆಯಂತೆ, ಪುಟ್ಟಿ" ಎಂದಳು. ಮಗು ತಲೆಯಾಡಿಸಿ, ಚೂಟಿಯ ಪೆನ್ಸಿಲ್ ಚೂಪು ಮಾಡಿ ಕೊಡಲು ಹೋಯಿತು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಆ ತಲೆಯಾಡಿಸುವಿಕೆ ಮಾತ್ರ ತಾಯಿಯ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು.

ಮರುದಿನ ಚೂಟಿಯ ಹೆಸರು ಬರೆಸಲು ತಂಗಿ ಮಕ್ಕಳೊಂದಿಗೆ ಶಾಲೆಗೆ ಹೊರಟಾಗ ಅಕ್ಕ ಜೊತೆಗೂಡಿದಳು. "ನಿನಗೆ ಮಾತಾಡೋಕೆ ಬರಲ್ಲ, ನಾನೂ ಬರ್ತೀನಿ."

ಗಣಿತದ ಟೀಚರ್ ತೋಳಿಗೆಲ್ಲ ಸೀಮೆಸುಣ್ಣ ಮೆತ್ತಿಕೊಂಡೇ ಹಾಳೆಗಳನ್ನು ತೆಗೆದುಕೊಂಡರು.

"ಅಂಕ ತೋರಿಸೋ ಈ ಚುಕ್ಕೆಯ ಆಚೀಚೆ ಸಣ್ಣ ಗೆರೆ ಇದೆಯಲ್ಲ, ಏನಂದ್ಕೊಂಡ್ರಿ?"

"ಚೆಂದಕ್ಕೆ ಹಾಕಿದ್ದಾರೆ ಅಂತ," ಎಂದಳು ತಂಗಿ.

ಟೀಚರ್ ನಕ್ಕರು. "ಇದೇ ಮಗು ಇಂಥದ್ದೇ ಪರೀಕ್ಷೆ ನಾಳೆ ಬರೆದ್ರೆ ಅಂಕ ಸ್ವಲ್ಪ ಮೇಲೆ ಹೋಗಬಹುದು, ಕೆಳಗೂ ಬರಬಹುದು. ಎಷ್ಟು ಅಲ್ಲಾಡಬಹುದು ಅನ್ನೋದೇ ಈ ಗೆರೆ. ಹನ್ನೆರಡು ಅಂಕ ಆಚೆ, ಹನ್ನೆರಡು ಈಚೆ." ಎರಡೂ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಗೆರೆಗಳು ಬಹುಪಾಲು ಒಂದರೊಳಗೊಂದು ಸೇರಿಹೋದವು. "ಇದರಲ್ಲಿ ಜಾಣೆ ಯಾರು, ಹೇಳಿ ನೋಡೋಣ?"

ತಂಗಿ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ಮೇಡಂ, ಕನ್ನಡಕದ ಅಂಗಡೀಲಿ ಕಣ್ಣು ಪರೀಕ್ಷೆ ಮಾಡೋದೇ ನನ್ನ ಕೆಲಸ. ಸುಸ್ತಾಗಿ ಬಂದೋರಿಗೆ ಒಂದು ನಂಬರು, ನಿದ್ದೆ ಮಾಡಿ ಬಂದೋರಿಗೆ ಇನ್ನೊಂದು. ಎರಡನೇ ಸಲ ನೋಡದೆ ಗಾಜು ಕೊಡೋಳಲ್ಲ ನಾನು. ಹೆತ್ತ ಮಗಳಿಗೆ ಮಾತ್ರ ಒಂದೇ ಸಲಕ್ಕೆ ನಂಬರು ಕೊಟ್ಟುಬಿಟ್ಟೆ!"

"ಮೆಲ್ಲಿ ಹಾಳೇಲಿ ಎಪ್ಪತ್ತೊಂದು ಅಂತಿದೆಯಲ್ಲ, ನೂರಕ್ಕೆ ಎಪ್ಪತ್ತೊಂದಾ?" ಅಕ್ಕ ಪಟ್ಟು ಬಿಡಲಿಲ್ಲ.

"ಅಲ್ಲ. ರಾಜ್ಯದ ಮಕ್ಕಳಲ್ಲಿ ನೂರು ಜನಾನ ಸಾಲಾಗಿ ನಿಲ್ಲಿಸಿದ್ರೆ ಹೆಚ್ಚುಕಮ್ಮಿ ಎಪ್ಪತ್ತೊಂದು ಮಕ್ಕಳು ಮೆಲ್ಲಿಯ ಹಿಂದೆ. ಮೇಲಿನ ತರಗತಿಗೆ ಬೇಕಾದ್ದು ನಾನೂರ ತೊಂಬತ್ತು. ಇಬ್ಬರೂ ದಾಟಿದ್ದಾರೆ. ಒಬ್ಬಳನ್ನೇ ಕಳಿಸಿ ಅಂದೋರು ಯಾರು?"

ತಂಗಿ ಅಕ್ಕನ ಮುಖ ನೋಡಿದಳು. ಅಕ್ಕ ಫ್ಯಾನ್ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು: "ಮೇಡಂ, ಹಳೇ ಕಾಲದ ಪರೀಕ್ಷೇಲಿ... ನಾಲ್ಕು ಅಂಕ ಜಾಸ್ತಿ ಬಂದಿದ್ರೆ?"

"ನಾಲ್ಕಾ? ಅದನ್ನ ಹಿಡ್ಕೊಂಡು ಯಾರು ಕೂತಿರ್ತಾರೆ?"

ಅಕ್ಕ ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಕೇಳಿದೆಯೇನೇ? ಆ ನಾಲ್ಕು ಅಂಕಕ್ಕೆ ಜಾಣೆ ಅನ್ನಿಸ್ಕೊಂಡು ಊರೋರ ಅರ್ಜಿಯೆಲ್ಲ ನಾನೇ ಬರೆದೆ, ನೆಂಟರ ಜಗಳವೆಲ್ಲ ನಾನೇ ಬಿಡಿಸಿದೆ. ಒಂದು ದಿನಾನೂ ನನಗೆ ಗೊತ್ತಿಲ್ಲಪ್ಪ ಅನ್ನೋ ಹಾಗಿರ್ಲಿಲ್ಲ. ನೀನು ನೋಡು, ಹಾಯಾಗಿ ಒಳ್ಳೇವಳಾಗಿದ್ದೆ!"

"ಹಾಯಾಗಿ? ಅದಲುಬದಲು ಮಾಡ್ಕೊಳ್ಳೋಣ ಅಂತ ಒಂದು ಮಾತು ಕೇಳ್ಬಾರ್ದಿತ್ತಾ, ಅಕ್ಕಾ!"

ಇಬ್ಬರ ನಗುವಿಗೆ ಪಕ್ಕದ ಕೋಣೆಯಿಂದ ಯಾರೋ ಇಣುಕಿ ಹೋದರು.

ಮಕ್ಕಳು ಹೊರಗೆ ಬೆಂಚಿನ ಮೇಲೆ ಕಾಲಾಡಿಸುತ್ತಿದ್ದರು. ತಾಯಿ ಮೆಲ್ಲಿಯ ಎದುರು ಮಂಡಿಯೂರಿದಳು. "ನಾನು ತಪ್ಪು ಓದಿದ್ದೆ ಪುಟ್ಟಿ. ಮೇಲಿನ ತರಗತಿಗೆ ನೀನೂ ಹೋಗ್ತೀಯ."

"ಈ ವರ್ಷಾನೇ?"

"ಸೋಮವಾರಾನೇ."

"ಹಾಗಾದ್ರೆ ಕಿಟಕಿ ಪಕ್ಕ ನಾನು!" ಎಂದು ಕಿರುಚಿ ಮೆಲ್ಲಿ ಅಂಗಳಕ್ಕೆ ಓಟ ಕಿತ್ತಳು. "ಮೋಸ! ನಾನು ಮೊದಲು ಅಂದ್ಕೊಂಡಿದ್ದೆ!" ಎನ್ನುತ್ತಾ ಚೂಟಿ ಬೆನ್ನಟ್ಟಿದಳು.

ಅಕ್ಕ ಹಣೆಗೆ ಕೈ ಅಡ್ಡ ಹಿಡಿದು ಕಣ್ಣು ಕಿರಿದು ಮಾಡಿದಳು. "ಯಾರೇ ಮುಂದಿರೋದು?"

ತಂಗಿ ಅವಳ ಕೈಯನ್ನು ಮೆತ್ತಗೆ ಕೆಳಗಿಳಿಸಿದಳು. "ಸುಮ್ನಿರಕ್ಕಾ, ಓಡ್ಲಿ."