ಎಂಟನೆಯವಳು

ರಜೆ ಬಂತೆಂದರೆ ಬೇರೆ ಕಡೆಯ ಮೇಷ್ಟ್ರುಗಳು ಕಾಲು ಚಾಚಿ ಮಲಗುತ್ತಾರೆ. ಈ ಪುಟ್ಟ ಕಲಾ ಕಾಲೇಜಿನ ಮೇಷ್ಟ್ರುಗಳು ಮಾತ್ರ ಚಪ್ಪಲಿ ಸವೆಸುತ್ತಾರೆ. ಶಾಲೆ ಮುಗಿಸಿದ ಮಕ್ಕಳಿರುವ ಮನೆಗಳ ಬಾಗಿಲು ತಟ್ಟಿ, ನಮ್ಮಲ್ಲಿಗೇ ಸೇರಿಸಿ ಎಂದು ಹಲ್ಲು ಗಿಂಜುವುದು ಅವರ ರಜೆಯ ಕೆಲಸ. ಕಂಕುಳಲ್ಲಿ ಬಣ್ಣದ ಕೈಪಿಡಿಯ ಕಟ್ಟು. ಅದರ ಮುಖಪುಟದಲ್ಲಿ ನಾಲ್ವರು ಮಕ್ಕಳು ಹುಲ್ಲುಹಾಸಿನ ಮೇಲೆ, ಮರದಡಿ ಕೂತು ನಗುತ್ತಿದ್ದಾರೆ. ಮರವೇನೋ ಕಾಲೇಜಿನದೇ. ಹುಲ್ಲೂ ನಗುವೂ ಎಲ್ಲಿಂದ ಬಂದವೋ ಅಚ್ಚು ಹಾಕಿದವನೇ ಬಲ್ಲ.

ಆ ವರ್ಷ ಇತಿಹಾಸದ ಮೇಷ್ಟ್ರಿಗೆ ಎಂಟು ವಿದ್ಯಾರ್ಥಿಗಳು ಬೇಕಿತ್ತು. ಎಂಟು ಜನ ಸೇರದಿದ್ದರೆ ವಿಭಾಗಕ್ಕೆ ಬೀಗ ಎಂದು ಪ್ರಿನ್ಸಿಪಾಲ್ ಮೇಡಂ ಹೇಳಿದ್ದರು. ಏಳು ಜನ ಸಿಕ್ಕಿದ್ದರು. ಮೇಷ್ಟ್ರಿಗೆ ಐವತ್ತು ದಾಟಿತ್ತು, ಇನ್ನು ಯಾರೂ ಕರೆದು ಕೆಲಸ ಕೊಡುವಂತಿರಲಿಲ್ಲ. ಎಂಟನೆಯವರನ್ನು ಹುಡುಕಿಕೊಂಡು ಕಂಡಕಂಡ ಮೆಟ್ಟಿಲು ಹತ್ತುತ್ತ ಒಂದು ಇಸ್ತ್ರಿ ಅಂಗಡಿಯ ಮೆಟ್ಟಿಲನ್ನೂ ಹತ್ತಿದರು.

"ಮಗಳಿಗೆ ನರ್ಸಿಂಗ್ ಸ್ಕೂಲಲ್ಲಿ ಸೀಟು ಸಿಕ್ಕಿದೆ ಸರ್. ಸೋಮವಾರ ಸೇರಬೇಕು" ಎಂದಳು ಅಂಗಡಿಯಾಕೆ, ಅಂಗಿಯ ಕಾಲರಿನ ಮೇಲೆ ಪೆಟ್ಟಿಗೆ ಒತ್ತುತ್ತ. "ಫೀಸಿಲ್ಲ. ಊಟ, ವಸತಿ ಎಲ್ಲ ಅವರದ್ದೇ."

ಮರ್ಯಾದಸ್ಥನಾದವನು ಒಳ್ಳೆಯದಾಗಲಿ ಎಂದು ಹೇಳಿ ಅಲ್ಲಿಂದಲೇ ಇಳಿದುಬಿಡುತ್ತಿದ್ದ. ಮೇಷ್ಟ್ರು ಕೂತರು.

ಹುಡುಗಿ ಬಟ್ಟೆ ಸುತ್ತುವ ಹಳೇ ಪತ್ರಿಕೆಯ ಹಾಳೆಗಳನ್ನು ಓದುತ್ತಿದ್ದಳು. "ಸರ್, ಒಂದೇ ಯುದ್ಧ. ಇದರಲ್ಲಿ ಇವರು ಗೆದ್ದರು ಅಂತಿದೆ, ಅದರಲ್ಲಿ ಅವರು ಗೆದ್ದರು ಅಂತಿದೆ. ಯಾವುದು ನಿಜ ಅಂತ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದಳು.

ಆ ಪ್ರಶ್ನೆಗೆ ಮೇಷ್ಟ್ರ ಮನಸ್ಸು ನಿಜವಾಗಿಯೂ ಅರಳಿತು. ಎಡವಟ್ಟಾದದ್ದೇ ಅಲ್ಲಿ. ಬರೀ ಹೊಟ್ಟೆಪಾಡಿಗಾಗಿ ಮಾತಾಡಿದ್ದರೆ ಎಲ್ಲಾದರೂ ತಡವರಿಸುತ್ತಿದ್ದರೇನೋ. ಪ್ರೀತಿಯೂ ಸ್ವಾರ್ಥವೂ ಜೊತೆಯಾದ ಮೇಲೆ ಮಾತಿಗೆ ಲಗಾಮು ಎಲ್ಲಿಯದು?

"ಸೂಜಿ ಚುಚ್ಚೋಕೆ ಬೇಕಾದಷ್ಟು ಜನ ಸಿಗ್ತಾರಮ್ಮ. ಇಂಥ ತಲೆ ಸಿಗಲ್ಲ."

"ನಿಮ್ಮಲ್ಲಿ ಫೀಸು ಜಾಸ್ತಿ ಅಂತಾರೆ ಸರ್."

"ಮೊದಲ ವರ್ಷ ಅರ್ಧ ಬಿಡಿಸಿಕೊಡ್ತೀನಿ. ಆಮೇಲಿಂದು ಆಮೇಲೆ ನೋಡೋಣ. ನಾನಿದ್ದೀನಲ್ಲ."

‘ನಾನಿದ್ದೀನಲ್ಲ’ ಎನ್ನುವುದಕ್ಕೆ ಹೇಳುವವನಿಗೆ ಕವಡೆ ಕಾಸಿನ ಖರ್ಚಿಲ್ಲ. ಕೇಳಿದ ತಾಯಿ ಅಂಗಡಿಯ ಮೇಲೆ ಸಾಲ ಎತ್ತಿದಳು. ಸೋಮವಾರ ನರ್ಸಿಂಗ್ ಸ್ಕೂಲಿನ ಸೀಟು ಇನ್ಯಾರದೋ ಪಾಲಾಯಿತು.

ವರ್ಷವೇನೋ ಚೆನ್ನಾಗಿಯೇ ಕಳೆಯಿತು. ಹುಡುಗಿ ಮೊದಲ ಬೆಂಚಿನಲ್ಲಿ ಕೂತು ಮೇಷ್ಟ್ರ ಬೆವರಿಳಿಸಿದಳು. ಅವಳ ಪ್ರಶ್ನೆಗಳಿಗಾಗಿ ಮೇಷ್ಟ್ರು ಎಷ್ಟೋ ಕಾಲದಿಂದ ಕಾಲಿಡದ ಗ್ರಂಥಾಲಯಕ್ಕೆ ಮತ್ತೆ ಹೋಗಬೇಕಾಯಿತು. ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಅವಳದೇ ಮಾತು.

ವರ್ಷದ ಕೊನೆಗೆ ಪ್ರಿನ್ಸಿಪಾಲ್ ಮೇಡಂ ಕರೆಸಿ, ಟೀ ತರಿಸಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ವಿಷಯ ತಿಳಿಸಿದರು. "ಇತಿಹಾಸ ನಿಲ್ಲಿಸ್ತಿದ್ದೀವಿ."

"ನೀವು ಹೇಳಿದ ಎಂಟು ಜನರನ್ನ ತಂದೆನಲ್ಲ ಮೇಡಂ."

"ತಂದ್ರಿ. ಅದಕ್ಕೇ ನಿಮ್ಮನ್ನ ಬಿಡ್ತಿಲ್ಲ. ನಿಲ್ಲಿಸೋ ತೀರ್ಮಾನ ಹೋದ ವರ್ಷವೇ ಆಗಿತ್ತು. ಮಕ್ಕಳು ಸೇರ್ಕೊಳ್ಳಲಿ ಅಂತ ಸುಮ್ಮನಿದ್ವಿ. ಅವರನ್ನೆಲ್ಲ ಮ್ಯಾನೇಜ್‌ಮೆಂಟ್ ಕೋರ್ಸಿಗೆ ಹಾಕೋಣ. ನೀವು ಅಡ್ಮಿಷನ್ ವಿಭಾಗ ನೋಡ್ಕೊಳ್ಳಿ, ಸಂಬಳ ಹೆಚ್ಚಾಗುತ್ತೆ. ನಿಮ್ಮ ಹಾಗೆ ಜನರನ್ನ ಒಪ್ಪಿಸೋರು ಇಲ್ಲಿ ಇನ್ಯಾರಿದ್ದಾರೆ ಹೇಳಿ?"

ಮೇಜು ಗುದ್ದಿ ಎದ್ದು ಬರಬೇಕಿತ್ತು. ಹಾಗೆ ಎದ್ದು ಬಂದವರ ಕಥೆಯನ್ನೇ ಅಲ್ಲವೇ ಈ ಮನುಷ್ಯ ಜೀವಮಾನವಿಡೀ ಮಕ್ಕಳಿಗೆ ಹೇಳಿ ಸಂಬಳ ಎಣಿಸಿದ್ದು? ಮೇಷ್ಟ್ರಿಗೆ ನಾಚಿಕೆಯಾಯಿತು, ಬಹಳವೇ ಆಯಿತು. ನಾಚಿಕೆಪಡುತ್ತಲೇ ಟೀ ಕುಡಿದು ಮುಗಿಸಿ, ಹೊಸ ಕೆಲಸ ಯಾವತ್ತಿನಿಂದ ಎಂದು ಕೇಳಿದರು.

ಹೊಸ ಕೋಣೆಗೆ ಗಾಜಿನ ಬಾಗಿಲಿತ್ತು. ಮೆತ್ತನೆಯ ಕುರ್ಚಿ ಬೇರೆ. ವಿಭಾಗ ಮುಚ್ಚಿದ ಸುದ್ದಿ ಕೇಳಿ ತಾಯಿ, ಮಗಳು ಬಂದು ಎದುರಿಗೆ ಕೂತರು.

"ಕಟ್ಟಿದ ದುಡ್ಡು ವಾಪಸ್ ಕೊಡಿಸಿ ಸರ್. ನರ್ಸಿಂಗ್ ಸ್ಕೂಲಿಗೆ ಹೋಗಿ ಇನ್ನೊಂದ್ಸಲ ಕೈ ಮುಗೀತೀನಿ" ಎಂದಳು ತಾಯಿ.

"ವಾಪಸ್ ಕೊಡೋ ನಿಯಮ ಇಲ್ಲಮ್ಮ."

"ಈ ವರ್ಷದ ಫೀಸು?"

"ರಿಯಾಯಿತಿ ಇದ್ದದ್ದು ಮೊದಲ ವರ್ಷಕ್ಕೆ ಮಾತ್ರ. ಈಗ ಪೂರ್ತಿ ಕಟ್ಟಬೇಕಾಗುತ್ತೆ."

ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ಆಗ ಮೇಷ್ಟ್ರು ಹೊಸ ಕೋರ್ಸಿನ ಅರ್ಜಿಯನ್ನು ಅವಳ ಮುಂದಿಟ್ಟು ಶುರು ಮಾಡಿದರು. ಮ್ಯಾನೇಜ್‌ಮೆಂಟ್ ಓದಿದವರಿಗೆ ಕೆಲಸ ಕೈಯಲ್ಲೇ ಇದ್ದ ಹಾಗೆ. ಇತಿಹಾಸ ಓದಿ ಯಾರು ಏನು ಕಟ್ಟಿಕೊಂಡರು? ಹೀಗಾದದ್ದೇ ಒಂದು ಲೆಕ್ಕದಲ್ಲಿ ಒಳ್ಳೆಯದಾಯಿತು. ಮಾತು ಎಲ್ಲೂ ತಡೆಯಲಿಲ್ಲ. ತಡೆಯದೇ ಬರುತ್ತಿರುವುದು ಮೇಷ್ಟ್ರಿಗೇ ಕೇಳಿಸುತ್ತಿತ್ತು.

"ನಂಗೆ ಇವೆಲ್ಲ ತಿಳಿಯಲ್ಲ ಸರ್. ಇವಳು ನಿಮ್ಮ ಮಗಳೇ ಆಗಿದ್ರೆ ಏನು ಮಾಡ್ತಿದ್ರಿ?"

"ಕಣ್ಣು ಮುಚ್ಕೊಂಡು ಸೇರಿಸ್ತಿದ್ದೆ."

ತಾಯಿಯ ಮುಖ ತಿಳಿಯಾಯಿತು. ಪಕ್ಕಕ್ಕೆ ತಿರುಗಿ, "ಕೇಳಿಸ್ತೇನೇ?" ಎಂದಳು.

ಹುಡುಗಿ ಮೆಲ್ಲಗೆ ಹೇಳಿದಳು: "ಕೇಳಿಸ್ತು. ಸೈನ್ ಹಾಕಮ್ಮ. ಸರ್ ಕೈಲಿ ಇನ್ನಷ್ಟು ಸುಳ್ಳು ಹೇಳಿಸಬೇಡ."

ತಾಯಿ ಹೌಹಾರಿದಳು. ಮಗಳ ತೋಳಿಗೆ ಒಂದೇಟು ಹಾಕಿದಳು. "ದೊಡ್ಡೋರ ಹತ್ರ ಹೀಗೇನೇ ಮಾತಾಡೋದು? ತಪ್ಪು ತಿಳ್ಕೋಬೇಡಿ ಸರ್. ಚಿಕ್ಕವಳು, ಗೊತ್ತಾಗಲ್ಲ. ನಮಗೋಸ್ಕರ ಇಷ್ಟೆಲ್ಲ ಮಾಡಿದೀರಿ."

"ಪರವಾಗಿಲ್ಲಮ್ಮ" ಎಂದು ಮೇಷ್ಟ್ರು ದೊಡ್ಡ ಮನಸ್ಸು ಮಾಡಿ ಹುಡುಗಿಯನ್ನು ಕ್ಷಮಿಸಿದರು, ತಾಯಿ ಸಹಿ ಹಾಕಬೇಕಾದ ಜಾಗವನ್ನು ಬೆರಳಿಟ್ಟು ತೋರಿಸಿದರು.