ಬೋರ್ಡಿನ ಬೆನ್ನ ಹಿಂದೆ

ದೊಡ್ಡಮ್ಮ ಒಂದು ಸಲ ಮನಸ್ಸು ಮಾಡಿದಳೆಂದರೆ ಮುಗಿಯಿತು, ಆಮೇಲೆ ಯಾರು ತಲೆಕೆಳಗಾಗಿ ನಿಂತರೂ ಅದು ಬದಲಾಗುವುದಿಲ್ಲ. ಮುಚ್ಚಿಹೋದ ಟಾಕೀಸಿನವರು ಮಾರಾಟಕ್ಕಿಟ್ಟಿದ್ದ ದೀಪದ ಬೋರ್ಡನ್ನು ಹೊಲಿಗೆ ಅಂಗಡಿಗೆ ಹೊರಿಸಿಕೊಂಡು ಬಂದದ್ದೂ ಹಾಗೆಯೇ. ಕೆಂಪು ಅಕ್ಷರಗಳು ಸಾಲಾಗಿ ಓಡುತ್ತವಲ್ಲ, ಅಂಥ ಬೋರ್ಡು. ಗಾಜಿನ ಕಿಟಕಿಯಲ್ಲಿ ಬೀದಿಗೆ ಮುಖ ಮಾಡಿ ಅದನ್ನು ತೂಗುಹಾಕಿಸಿ, ಸೊಂಟಕ್ಕೆ ಕೈಯಿಟ್ಟು ನಿಂತು ಅಪ್ಪಣೆ ಕೊಟ್ಟಳು.

"ಇನ್ಮೇಲೆ ಅಂಗಡಿ ಹೆಸರು 'ದೊಡ್ಡಮ್ಮ ಮತ್ತು ಮಗಳು'. ಸಂಜೆ ಒಳಗೆ ಓಡ್ಬೇಕು ನೋಡು."

ಮಗಳು ಎಂದರೆ ತಂಗಿಯ ಮಗಳು. ಬೀದಿಯವರೆಲ್ಲ ಅವಳನ್ನು ಸೂಜಿ ಎಂದೇ ಕರೆಯುತ್ತಿದ್ದರು, ಅಷ್ಟು ಸಪೂರ. ತಾಯಿಯಿಲ್ಲದ ಮಗುವನ್ನು ದೊಡ್ಡಮ್ಮ ಎತ್ತಿ ಆಡಿಸಿ, ಬೈದು, ಉಣಿಸಿ, ಮತ್ತೆ ಬೈದು ಬೆಳೆಸಿದ್ದಳು. ಮಗುವಿಗೆ ಈಗ ಮೂವತ್ತು ದಾಟಿದೆ, ಅಂಗಡಿಯ ಕಾಲರ್ ಹೊಲಿಗೆಯೆಲ್ಲ ಅವಳ ಪಾಲಿಗೆ; ಬೈಗುಳದ ಅಳತೆ ಮಾತ್ರ ಅಂದಿನದೇ.

ಹೊಸ ಹೆಸರು ಕೇಳಿ ಸೂಜಿ ಗಡಿಯಾರದ ಕಡೆ ತಿರುಗಿದಳು. ಆ ಸಂಜೆಯೊಳಗೆ ಅವಳು ಇನ್ನೊಂದು ಕಡೆಗೂ ಉತ್ತರ ಕೊಡಬೇಕಿತ್ತು. ದೂರದ ಪಟ್ಟಣದ ಬಸ್ ಡಿಪೋದಿಂದ ಬೆಳಿಗ್ಗೆ ಫೋನ್ ಬಂದಿತ್ತು. "ಡ್ರೈವರ್ ಕೆಲಸಕ್ಕೆ ನೀವು ಆಯ್ಕೆ ಆಗಿದೀರಿ. ಬರ್ತೀರೋ ಇಲ್ವೋ, ಆಫೀಸು ಮುಚ್ಚೋದ್ರೊಳಗೆ ಹೇಳ್ಬಿಡಿ. ಇಲ್ಲಾಂದ್ರೆ ಮುಂದಿನವರನ್ನ ಕರೀತೀವಿ" ಎಂದಿದ್ದರು. ಬರುತ್ತೇನೆ ಎಂದರೆ ಆ ಪಟ್ಟಣದಲ್ಲೇ ಇರಬೇಕು.

ಬಸ್ಸು ಓಡಿಸುವುದನ್ನು ಅವಳು ಕದ್ದು ಕಲಿತಿದ್ದಳು. ವಾರವಾರವೂ "ಗುಂಡಿ ತರ್ತೀನಿ" ಎಂದು ಹೊರಟು, ಡ್ರೈವಿಂಗ್ ಶಾಲೆಯ ದೊಡ್ಡ ಸ್ಟಿಯರಿಂಗ್ ಹಿಡಿದು, ಬರುವಾಗ ನೆಪಕ್ಕೆ ಒಂದು ಪೊಟ್ಟಣ ಗುಂಡಿ ಕೊಂಡು ತರುತ್ತಿದ್ದಳು. ಅಂಗಡಿಯಲ್ಲಿ ಈಗ ಒಂದು ದಂಡಿಗೆ ಕೋಟು ಹೊಲಿದರೂ ಮಿಗುವಷ್ಟು ಗುಂಡಿ ಬಿದ್ದಿತ್ತು. ದೊಡ್ಡಮ್ಮ ಕೇಳಿರಲಿಲ್ಲ. ಇವಳಿಗೆ ಗುಂಡಿಯ ಹುಚ್ಚು ಎಂದುಕೊಂಡು ಸುಮ್ಮನಿದ್ದಳು.

ಹೇಳಿಬಿಡುವುದಕ್ಕೇನು ಧಾಡಿ ಎಂದು ನೀವು ಕೇಳಬಹುದು. ಬೈಗುಳಕ್ಕೆ ಸೂಜಿ ಹೆದರುವವಳಲ್ಲ, ಅದು ಅವಳಿಗೆ ಹೊಟ್ಟೆಗೆ ಹಾಕಿಕೊಳ್ಳುವ ಅನ್ನದಷ್ಟೇ ಅಭ್ಯಾಸ. ದೊಡ್ಡಮ್ಮ ಬೈಯದೇ ಹೋದರೆ? "ಆಯ್ತು, ಹೋಗು" ಎಂದು ತಲೆ ತಗ್ಗಿಸಿ ಮೆಷಿನ್ ತುಳಿಯತೊಡಗಿದರೆ? ಅದನ್ನು ನೋಡುವುದು ಅವಳಿಂದಾಗದು. ಹೇಳಬೇಕಾದ ಮಾತನ್ನು ಕೋಟು ತೊಡಿಸುವ ಬೊಂಬೆಯ ಮುಂದೆ ಎಷ್ಟೋ ಸಲ ಒಪ್ಪಿಸಿದ್ದಳು. ಬೊಂಬೆಗೆ ತಲೆಯಿರಲಿಲ್ಲ, ಹಾಗಾಗಿ ಸಲೀಸಾಗಿತ್ತು.

ಇರಲಿ, ಮೊದಲು ಬೋರ್ಡು. ಅದರ ಬೆನ್ನಲ್ಲಿ ಒಂಬತ್ತು ಪಿನ್ನಿನ ಹಳೇ ಕಾಲದ ತೂತೊಂದಿತ್ತು. ಟಿವಿ ರಿಪೇರಿ ಮಾಮ ಅದಕ್ಕೊಂದು ಕೇಬಲ್ ಕೊಟ್ಟು, ಲ್ಯಾಪ್‌ಟಾಪಿಗೊಂದು ಸಣ್ಣ ಪ್ರೋಗ್ರಾಂ ಹಾಕಿಕೊಟ್ಟು, ಉಳಿದದ್ದನ್ನು ಫೋನಿನಲ್ಲಿ ಹೇಳುತ್ತೇನೆಂದು ಯಾರದೋ ಮನೆಯ ಮಾಳಿಗೆ ಹತ್ತಿದ್ದ. ಆ ಪ್ರೋಗ್ರಾಮಿಗೆ ಬಣ್ಣವಿಲ್ಲ, ಚಿತ್ರವಿಲ್ಲ, ಒತ್ತಲು ಒಂದು ಬಟನ್ನೂ ಇಲ್ಲ. ಬರೀ ಕಪ್ಪು ಕಿಟಕಿ, ಮಿಣುಕುವ ಒಂದು ಗೆರೆ.

"ಪ್ರೋಗ್ರಾಮಿನ ಹೆಸರು ಟೈಪ್ ಮಾಡು. ಪಕ್ಕದಲ್ಲಿ ಪೋರ್ಟಿನ ಹೆಸರು, ಅಂದ್ರೆ ಕೇಬಲ್ ಸಿಕ್ಕಿಸಿರೋ ತೂತಿನ ಹೆಸರು, ಅದರ ಪಕ್ಕ ವೇಗ" ಎಂದ ಮಾಮ.

"ಎಷ್ಟು ವೇಗ?"

"ಅದೇ ಗೊತ್ತಿಲ್ಲಮ್ಮ. ಹಳೇ ಬೋರ್ಡು, ಮೇಲಿನ ಚೀಟಿ ಕಿತ್ತುಹೋಗಿದೆ. ನೀನು ಆಡೋ ವೇಗ, ಅದು ಕೇಳಿಸ್ಕೊಳ್ಳೋ ವೇಗ ಒಂದೇ ಆಗ್ಬೇಕು. ದೊಡ್ಡದ್ರಿಂದ ಶುರು ಮಾಡಿ ಒಂದೊಂದಾಗಿ ಇಳಿಸ್ತಾ ಬಾ. ಪ್ರತಿ ಸಲ ಏನಾದ್ರೂ ಬರೆದು ಎಂಟರ್ ಒತ್ತು. ಆ ಬೋರ್ಡಿಗೆ ಇಂಗ್ಲಿಷ್ ಅಕ್ಷರ ಮಾತ್ರ ಗೊತ್ತು, ನಮ್ಮ ಮಾತನ್ನೇ ಅದರಲ್ಲಿ ಬರಿ."

ದೊಡ್ಡಮ್ಮ ಬೀದಿ ದಾಟಿ ಎದುರಿನ ಬಸ್ ಸ್ಟಾಪಿನಲ್ಲಿ ಠಿಕಾಣಿ ಹೂಡಿದಳು. ಸೂಜಿ ಒಳಗೆ, ಬೋರ್ಡಿನ ಬೆನ್ನಿಗೆ ಮೂಗು ತಾಗುವಂತೆ ಕೂತಳು. ದೊಡ್ಡ ವೇಗ ಕೊಟ್ಟು, ಅಂಗಡಿಯ ಹೆಸರು ಬರೆದು, ಎಂಟರ್ ಒತ್ತಿದಳು. ಕಪ್ಪು ಕಿಟಕಿಯಲ್ಲಿ ಒಂದಕ್ಷರವೂ ಮೂಡಲಿಲ್ಲ.

"ಕತ್ತಲೆ!" ಎಂದು ದೊಡ್ಡಮ್ಮ ಬೀದಿಯಾಚೆಯಿಂದ ಕೂಗಿದಳು.

ಇನ್ನೊಂದು ವೇಗ. "ಕತ್ತಲೆ!" ಮತ್ತೊಂದು. "ಕತ್ತಲೇನೇ ಕಣೇ! ಅದೇನು ಬೋರ್ಡಿಗೆ ಮಾತು ಕಲಿಸ್ತಿದೀಯೋ, ಲಾಲಿ ಹಾಡ್ತಿದೀಯೋ?" ಸ್ಟಾಪಿನಲ್ಲಿದ್ದವರು ನಕ್ಕರು. ದೊಡ್ಡಮ್ಮನಿಗೆ ನಗುವ ಜನ ಸಿಕ್ಕರೆ ಸಾಕು, ಕೆಲಸ ಮರೆತುಹೋಗುತ್ತದೆ. ಬೋರ್ಡಿಗೆ ಬೆನ್ನು ಮಾಡಿ, ಚೀಲ ಹಿಡಿದ ಹೆಂಗಸೊಬ್ಬಳಿಗೆ ಅವಳ ಕೋಟಿನ ತೋಳು ಹೇಗೆ ಸೊಟ್ಟಗಿದೆ ಎಂದು ವಿವರಿಸತೊಡಗಿದಳು.

ಸೂಜಿ ಕೊನೆಗೆ ಒಂಬತ್ತು ಸಾವಿರದ ಆರುನೂರಕ್ಕೆ ಇಳಿದಳು. ಹೆಸರು ಬರೆದಳು, ಎಂಟರ್ ಒತ್ತಿದಳು. ಕಿಟಕಿ ಮತ್ತೆ ಕಪ್ಪು. ಕತ್ತಲೆ ಎನ್ನಲು ದೊಡ್ಡಮ್ಮನೂ ಇರಲಿಲ್ಲ. ಸರಿಯಾದ ವೇಗ ಸಿಕ್ಕ ಕೂಡಲೇ ತಾನು ಬರೆದದ್ದು ಆ ಕಿಟಕಿಯಲ್ಲಿ ಕಾಣುತ್ತದೆ ಎಂಬುದು ಸೂಜಿಯ ಗಟ್ಟಿ ನಂಬಿಕೆ. ಯಾರೂ ಹಾಗೆಂದು ಹೇಳಿರಲಿಲ್ಲ. ಆದರೆ ಕಂಪ್ಯೂಟರಿನಲ್ಲಿ ಬರೆದದ್ದು ಕಂಪ್ಯೂಟರಿನಲ್ಲಿ ಕಾಣಬೇಡವೇ? ನೀವಾದರೂ ಹಾಗೇ ಅಂದುಕೊಳ್ಳುತ್ತಿದ್ದಿರಿ, ನಾನಂತೂ ಅಂದುಕೊಂಡೇನು.

ಗಡಿಯಾರ ನೋಡಿದಳು. ಡಿಪೋ ಮುಚ್ಚುವ ಹೊತ್ತು ಹತ್ತಿರವಾಗುತ್ತಿತ್ತು. ಮಾಮ ಫೋನ್ ಎತ್ತಲಿಲ್ಲ. ಎದುರಿಗೆ ಕಿವಿಯಿಲ್ಲದ, ಬಾಯಿಯಿಲ್ಲದ ಒಂದು ಕಪ್ಪು ಕಿಟಕಿ. ತಲೆಯಿಲ್ಲದ ಬೊಂಬೆಗಿಂತ ಇದು ವಾಸಿ ಅನ್ನಿಸಿತು.

"ಹಲೋ" ಎಂದು ಬರೆದು ಎಂಟರ್ ಕುಟ್ಟಿದಳು. "ಸತ್ತಿದೀಯಾ?" ಮತ್ತೆ ಎಂಟರ್. ಉತ್ತರವಿಲ್ಲ. "ಸತ್ತಿದ್ರೆ ಒಳ್ಳೇದೇ. ನಂಗೆ ಈ ಹೆಸರು ಬೇಡ." ಆಮೇಲೆ ಕಟ್ಟೆಯೊಡೆಯಿತು. ವಾರಗಟ್ಟಲೆ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದೆಲ್ಲ ಬೆರಳಿಗಿಳಿಯಿತು, ಒಂದೊಂದು ಸಾಲಿಗೂ ಒಂದೊಂದು ಎಂಟರ್.

"ದೊಡ್ಡಮ್ಮ, ಕಾಲರ್ ಅಂದ್ರೆ ನಂಗೆ ಜ್ವರ ಬರುತ್ತೆ."

"ನಂಗೆ ಬಸ್ ಓಡಿಸೋ ಕೆಲಸ ಸಿಕ್ಕಿದೆ."

"ಗುಂಡಿ ಎಲ್ಲಾ ಸುಳ್ಳು."

"ಇವತ್ತು ಹೇಳ್ದಿದ್ರೆ ಕೆಲಸ ಬೇರೆಯವರಿಗೆ ಹೋಗುತ್ತೆ."

"ನೀನು ಒಬ್ಬಳೇ ಆಗ್ತೀಯ ಅಂತ ಬಾಯಿ ಬರ್ತಿಲ್ಲ. ನೀನು ಬೈದುಬಿಟ್ರೆ ಹೋಗಿಬಿಡ್ತೀನಿ."

ಬರೆದು ಮುಗಿಸಿದಾಗ ಹಗುರಾಯಿತು, ಜೋರಾಗಿ ಸೀನಿದ ಹಾಗೆ. ತಲೆಯೆತ್ತಿ ಬೋರ್ಡಿನ ಪಕ್ಕದಿಂದ ಹೊರಗೆ ನೋಡಿದಳು. ಸ್ಟಾಪಿಗೆ ಬಂದ ಬಸ್ಸಿಗೆ ಯಾರೂ ಹತ್ತಲಿಲ್ಲ. ಎಲ್ಲರ ಮುಖ ಅಂಗಡಿಯ ಕಡೆಗಿತ್ತು. ಬೋರ್ಡು ಸೊಟ್ಟಗೆ ತೂಗುತ್ತಿದೆಯೇನೋ ಎಂದುಕೊಂಡು ಅವಳು ಅದರ ಮೊಳೆ ಮುಟ್ಟಿ ನೋಡಿದಳು.

ಅಷ್ಟರಲ್ಲಿ ಮಾಮನ ಫೋನ್ ಬಂತು.

"ಒಂದು ಹೇಳೋದು ಮರೆತಿದ್ದೆ ನೋಡಮ್ಮ. ನೀನು ಟೈಪ್ ಮಾಡಿದ್ದು ನಿನ್ನ ಕಿಟಕೀಲಿ ಕಾಣಲ್ಲ. ಆ ಕಡೆಯವರು ಹೇಳಿದ್ದು ಮಾತ್ರ ಅಲ್ಲಿ ಕಾಣೋದು. ಆ ಬೋರ್ಡು ಮೂಗ, ವಾಪಸ್ ಏನೂ ಹೇಳಲ್ಲ. ಕಿಟಕಿ ಖಾಲಿ ಇದೆ ಅಂತ ಗಾಬರಿ ಆಗ್ಬೇಡ, ಬೀದಿಗೆ ಹೋಗಿ ನೋಡು. ಎಷ್ಟು ಸಾಲು ಕಳಿಸಿದ್ರೂ ನೆನಪಲ್ಲಿಟ್ಕೊಂಡು ಸುತ್ತಿ ಸುತ್ತಿ ತೋರಿಸುತ್ತೆ. ಗಟ್ಟಿ ಮಾಲು."

ಸೂಜಿ ಫೋನ್ ಕೆಳಗಿಟ್ಟಳು. ಮೆಷಿನ್ನುಗಳನ್ನು ಹಾರಿ, ಬೊಂಬೆಯನ್ನು ಬೀಳಿಸಿ, ಬೀದಿಗೆ ಬಂದು ತಿರುಗಿ ನೋಡಿದಳು. ಕೆಂಪು ಅಕ್ಷರಗಳು ನಾಚಿಕೆ ಮಾನ ಮರ್ಯಾದೆ ಒಂದೂ ಇಲ್ಲದೆ ಓಡುತ್ತಿದ್ದವು: ಗುಂಡಿ ಎಲ್ಲಾ ಸುಳ್ಳು.

ಎದುರು ಸ್ಟಾಪಿನಲ್ಲಿ ಹ್ಯಾಟು ತೊಟ್ಟ ಹಿರಿಯರೊಬ್ಬರು ಎದ್ದು ನಿಂತು, ವಾರ್ತೆ ಓದುವವರ ಗಂಭೀರ ದನಿಯಲ್ಲಿ ಅದನ್ನು ಜೋರಾಗಿ ಓದುತ್ತಿದ್ದರು. ದೂರದ ಅಕ್ಷರ ಕಾಣದವರಿಗೆ ಉಪಕಾರವಾಗಲಿ ಎಂದು. ದೂರದ ಅಕ್ಷರ ಕಾಣದವರಲ್ಲಿ ಮೊದಲನೆಯವಳು ದೊಡ್ಡಮ್ಮ. ಅವಳು ಬೆಂಚಿನ ಮೇಲೆ ಕೂತು, ಕಿವಿ ಮುಂದೆ ಮಾಡಿಕೊಂಡು, ಎರಡನೇ ಸುತ್ತು ಕೇಳುತ್ತಿದ್ದಳು.

"ಒಬ್ಬಳೇ ಆಗ್ತೀಯ ಅಂತ ಬಾಯಿ ಬರ್ತಿಲ್ಲ" ಎಂದು ಓದಿದ ಹಿರಿಯರು ಸೂಜಿಯನ್ನು ಕಂಡು ಹ್ಯಾಟು ತೆಗೆದರು. "ನೀವೇ ಏನಮ್ಮಾ ಬರೆದಿದ್ದು? ಚೆನ್ನಾಗಿ ಬರೆದಿದೀರಿ."

"ದೊಡ್ಡಮ್ಮ..." ಎಂದಳು ಸೂಜಿ. ಬೊಂಬೆಯ ಮುಂದೆ ಒಪ್ಪಿಸಿದ್ದೆಲ್ಲ ಎಲ್ಲೋ ಹಾರಿಹೋಗಿತ್ತು.

ದೊಡ್ಡಮ್ಮ ಎದ್ದಳು. ಬೈಯಲಿಲ್ಲ. ಬೀದಿಯವರು ಆ ಬಾಯಿ ಅಷ್ಟು ಹೊತ್ತು ಮುಚ್ಚಿದ್ದನ್ನು ಕಂಡದ್ದು ಅದೇ ಮೊದಲಿರಬೇಕು. ಎಡಬಲ ನೋಡದೆ ಬೀದಿ ದಾಟಿದಳು. ಸ್ಕೂಟರಿನವನೊಬ್ಬ ಗಕ್ಕನೆ ನಿಂತ. ಸೂಜಿ ಹಿಂದೆಯೇ ಓಡಿದಳು.

ಒಳಗೆ ದೊಡ್ಡಮ್ಮ ಲ್ಯಾಪ್‌ಟಾಪಿನ ಮುಂದೆ ಕೂತು, ಕುತ್ತಿಗೆಗೆ ನೇತಾಡುತ್ತಿದ್ದ ಹತ್ತಿರದ ಕನ್ನಡಕ ಮೂಗಿಗೇರಿಸಿ, "ಹಳೇದನ್ನ ಅಳಿಸು" ಎಂದಳು. ಸೂಜಿ ಬೋರ್ಡನ್ನು ಆರಿಸಿ ಮತ್ತೆ ಹಚ್ಚಿದಳು, ಎಲ್ಲ ಹೋಯಿತು. "ಬರೆದಾದ್ಮೇಲೆ ಯಾವುದನ್ನ ಒತ್ಬೇಕು?" ಸೂಜಿ ತೋರಿಸಿದಳು. "ಸರಿ, ಹೊರಗೆ ಹೋಗು. ನೀನು ಎದುರಿಗಿದ್ರೆ ನಂಗೆ ಬೈಗುಳ ಬಿಟ್ಟು ಬೇರೇನೂ ಬರಲ್ಲ."

ಸೂಜಿ ಮತ್ತೆ ಬೀದಿ ದಾಟಿ ಸ್ಟಾಪಿನಲ್ಲಿ ನಿಂತಳು. ಚೀಲದ ಹೆಂಗಸು ಸರಿದು ಜಾಗ ಮಾಡಿಕೊಟ್ಟಳು. ಬೋರ್ಡು ಕತ್ತಲೆಯಾಗಿಯೇ ಇತ್ತು. ಇನ್ನೊಂದು ಬಸ್ಸು ಬಂತು. ಅದಕ್ಕೂ ಯಾರೂ ಹತ್ತಲಿಲ್ಲ, ಡ್ರೈವರ್ ಬೇರೆ ಇಳಿದು ಬಂದು ಏನು ಸಮಾಚಾರ ಎಂದು ವಿಚಾರಿಸಿದ. ಗಾಜಿನಾಚೆ ದೊಡ್ಡಮ್ಮನ ನೆತ್ತಿ ಮಾತ್ರ ಕಾಣುತ್ತಿತ್ತು. ಜೀವಮಾನದಲ್ಲಿ ಕೀಲಿಮಣೆ ಮುಟ್ಟದವಳು, ಒಂದೊಂದಕ್ಷರವನ್ನೂ ಬೆರಳಲ್ಲಿ ಹುಡುಕಿ ಕುಟ್ಟುತ್ತಿದ್ದಳು.

ಮೊದಲ ಸಾಲು ಬಂತು. "ನಂಗೆ ಸಿಟ್ಟು ಬಂದಿದೆ."

ಹಿರಿಯರು ಓದಿದರು. ಜನ ತಲೆಯಾಡಿಸಿದರು, ಬರದೆ ಇರುತ್ತದೆಯೇ?

ಬಹಳ ಹೊತ್ತಿನ ಮೇಲೆ ಎರಡನೆಯದು. "ನಿಂಗೆ ಕಾಲರ್ ಬರಲ್ಲ ಅಂತ ಮೊದಲಿಂದ ಗೊತ್ತು."

"ನೀನು ಊಟಕ್ಕೆ ಹೋದಾಗ ದಿನಾ ಬಿಚ್ಚಿ ನಾನೇ ಹೊಲೀತಿದ್ದೆ."

ಸೂಜಿ ಬಾಯಿಗೆ ಕೈ ಹಿಡಿದಳು. ಇಷ್ಟು ವರ್ಷ! ಒಂದು ಕಾಲರಿಗಾದರೂ ಗಿರಾಕಿಗಳ ದೂರು ಬಂದಿರಲಿಲ್ಲ. ಕೈ ಅಷ್ಟೇನೂ ಕೆಟ್ಟದಲ್ಲ ಎಂದು ಒಳಗೊಳಗೇ ಬೀಗಿದ್ದಳು ಬೇರೆ.

"ನೀನು ಪಕ್ಕದಲ್ಲಿ ಕೂತಿರ್ಲಿ ಅಂತ ಹೇಳ್ಲಿಲ್ಲ. ತಪ್ಪು ನಂದು."

ಹಿರಿಯರು ಬಾಯಿ ತೆರೆದವರು ಹಾಗೇ ಮುಚ್ಚಿದರು. ಇದು ಜೋರಾಗಿ ಓದುವ ಸಾಲಲ್ಲ ಎಂದು ಅವರಿಗೂ ತಿಳಿಯಿತು. ಚೀಲದ ಹೆಂಗಸು ಸೂಜಿಯ ಬೆನ್ನ ಮೇಲೆ ಕೈಯಿಟ್ಟಳು. ಸೂಜಿ ಅಳುತ್ತಿದ್ದಳು, ಯಾರಿಗೂ ಮರೆಮಾಚದೆ, ಬಸ್ ಸ್ಟಾಪಿನ ನಡುವೆ ನಿಂತು.

ಕೊನೆಯ ಸಾಲಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. "ಬೈದಾಯ್ತು. ಹೋಗು."

ಅವಳು ಬೀದಿ ದಾಟಿ ಒಳಗೆ ಬಂದಾಗ ದೊಡ್ಡಮ್ಮ ಕಪ್ಪು ಕಿಟಕಿಯನ್ನೇ ಕಣ್ಣು ಕಿರಿದು ಮಾಡಿ ನೋಡುತ್ತ ಕೂತಿದ್ದಳು. ಒಂದಕ್ಷರವೂ ಅಲ್ಲಿರಲಿಲ್ಲ.

"ಏನೂ ಕಾಣ್ತಿಲ್ಲ ಕಣೇ. ಅಷ್ಟು ಕಷ್ಟಪಟ್ಟು ಬರೆದೆ. ಹೋಯ್ತೋ ಇಲ್ವೋ?"

"ಬಂತು ದೊಡ್ಡಮ್ಮ. ಎಲ್ಲಾ ಬಂತು."

"ಮತ್ತೆ ಅಳ್ತಾ ನಿಂತಿದೀಯಲ್ಲ, ಫೋನ್ ಯಾರು ಮಾಡ್ತಾರೆ, ನಿಮ್ಮಜ್ಜಾನಾ?"

ಸೂಜಿ ಡಿಪೋದ ನಂಬರ್ ಒತ್ತಿದಳು. ಗಂಟೆ ಹೊಡೆಯಿತು, ಹೊಡೆಯಿತು, ಇನ್ನೇನು ಮುಚ್ಚಿಕೊಂಡು ಹೋದರು ಎನ್ನುವಾಗ ಆ ಕಡೆಯಿಂದ ಹಲೋ ಎಂದರು. ಸೂಜಿ ಮಾತಾಡಹೋದಳು, ಬಿಕ್ಕು ಬಂತೇ ಹೊರತು ಮಾತು ಬರಲಿಲ್ಲ. "ಹಲೋ, ಯಾರು? ಕೇಳಿಸ್ತಿಲ್ಲ" ಎಂದರು ಆ ಕಡೆಯವರು, ಇನ್ನೇನು ಇಟ್ಟುಬಿಡುವ ದನಿಯಲ್ಲಿ.

ದೊಡ್ಡಮ್ಮ ಫೋನ್ ಕಿತ್ತುಕೊಂಡಳು. ಕನ್ನಡಕವನ್ನು ಮೂಗಿನಿಂದ ಇಳಿಸಿದಳು.

"ಬರ್ತಾಳೆ ಕಣ್ರೀ" ಎಂದಳು ಆಮೇಲೆ, ಬೀದಿಯಾಚೆಗೂ ಕೇಳುವಂತೆ. "ನಾನು ಅವಳ ದೊಡ್ಡಮ್ಮ ಹೇಳ್ತಿದೀನಿ. ಬರ್ತಾಳೆ."